ಆ ಊರಿನ ಕೋಟೆಗೆ ಉಮ್ಮ ಕಳಿಸಿದ ಸಕ್ಕರೆ

ಮೈಸೂರಿಗೆ ಹೊರಟವರು ಈಗಲೂ ನನ್ನನ್ನು ಒಂದು ಮಾತು ಕೇಳುವುದುಂಟು. "ಟೀಚರ್, ದಾರಿಯಲ್ಲಿ ಶ್ರೀರಂಗಪಟ್ಟಣ ಸಿಗುತ್ತದಲ್ಲ, ಆ ಕೋಟೆಯಲ್ಲಿ ಇಳಿದು ನೋಡುವಂಥದ್ದು ಎಂತಾದರೂ ಉಂಟಾ?" ಮಕ್ಕಳಿಗೆ ಚರಿತ್ರೆ ಪಾಠ ಮಾಡಿ ಕೂದಲು ಬೆಳ್ಳಗೆ ಮಾಡಿಕೊಂಡವಳು, ಇವಳಿಗೆ ಗೊತ್ತಿರುತ್ತದೆ ಎಂದು ಕೇಳುತ್ತಾರೆ, ಪಾಪ. ನನಗೋ ಸಿಟ್ಟೇ ಬರುತ್ತದೆ. "ಬಿಸಿಲು ಜಾಸ್ತಿ, ಕೊಡೆ ಹಿಡಿದುಕೊಂಡು ಹೋಗಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ನಾನು ಅಲ್ಲಿ ನೋಡಿದ್ದನ್ನು ಹೇಳಹೊರಟರೆ ಅವರಿಗೆ ಬಸ್ಸು ತಪ್ಪುತ್ತದೆ.

ನಾನು ನೋಡಿದ್ದು ನನ್ನ ಅಜ್ಜಿಯನ್ನು. ಆಕೆ ಸುಲ್ತಾನನ ಗೋರಿಯ ಮುಂದೆ ಕೈಯಲ್ಲಿ ಸಕ್ಕರೆಯ ಪೊಟ್ಟಣ ಹಿಡಿದು ನಿಂತಿದ್ದಳು. ಅದನ್ನು ನೆನೆದರೆ ಈಗಲೂ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಯಾಕೆ ಎಂದು ತಿಳಿಯಬೇಕಾದರೆ ಮೊದಲು ನಮ್ಮ ಮನೆಯ ವಿಷಯ ಹೇಳಬೇಕು.

ನಮ್ಮದು ಕಾಪು ಪೇಟೆಯಿಂದ ಸ್ವಲ್ಪ ಒಳಗೆ ಒಂದು ಹೆಂಚಿನ ಮನೆ. ಕೊಂಕಣಿ ಮಾತಾಡುವ ಕ್ರೈಸ್ತರು ನಾವು. ಗದ್ದೆ, ನಾಲ್ಕು ತೆಂಗು, ಹಟ್ಟಿಯಲ್ಲಿ ಒಂದು ಎಮ್ಮೆ, ಭಾನುವಾರ ಇಗರ್ಜಿ. ಅಜ್ಜಿ ಎಂದರೆ ಅಪ್ಪನ ತಾಯಿ, ಆ ಮನೆಯ ಸರಕಾರವೇ ಆಕೆ. ಅಪ್ಪನಿಗೆ ಮೀಸೆ ನರೆತ ಮೇಲೂ ಪೇಟೆಗೆ ಹೋಗುವಾಗ ಆಕೆಯಲ್ಲಿ ಹೇಳಿಯೇ ಹೋಗಬೇಕಿತ್ತು.

ಆ ಮನೆಯಲ್ಲಿ ಬಾಯಲ್ಲಿ ತರಬಾರದ ಹೆಸರು ಒಂದಿತ್ತು, ಶ್ರೀರಂಗಪಟ್ಟಣ. ಹೇಳಲೇಬೇಕಾದರೆ "ಆ ಊರು" ಎನ್ನಬೇಕಿತ್ತು. ಹಿಂದಿನ ಕಾಲದಲ್ಲಿ ಆ ಊರಿನ ಸುಲ್ತಾನ ಕರಾವಳಿಯ ಕ್ರೈಸ್ತರನ್ನು ಹಿಡಿಸಿ, ಘಟ್ಟ ಹತ್ತಿಸಿ ತನ್ನ ಕೋಟೆಗೆ ಸಾಗಿಸಿದ ಸಂಗತಿ ಪುಸ್ತಕಗಳಲ್ಲಿಯೂ ಇದೆ. ನಮ್ಮ ಮನೆಯಲ್ಲಿ ಅದು ಪುಸ್ತಕದ ವಿಷಯವಾಗಿರಲಿಲ್ಲ. ನನ್ನ ಅಜ್ಜನ ಮುತ್ತಜ್ಜ ಆಗ ಚಿಕ್ಕ ಹುಡುಗ. ಅವನನ್ನು ಸೊಂಟದ ಮೇಲೆ ಹೊತ್ತು ಘಟ್ಟ ಹತ್ತಿದವಳು ಅವನ ಅಕ್ಕ. ಸುಲ್ತಾನ ಯುದ್ಧದಲ್ಲಿ ಬಿದ್ದ ಮೇಲೆ ಬದುಕುಳಿದವರು ಒಬ್ಬೊಬ್ಬರಾಗಿ ಊರಿಗೆ ಮರಳಿದರು. ತಮ್ಮ ಬಂದ, ಅಕ್ಕ ಬರಲಿಲ್ಲ. ಸತ್ತಳೋ, ಅಲ್ಲೇ ಉಳಿದಳೋ ಯಾರಿಗೂ ತಿಳಿಯದು. ಅವಳ ಹೆಸರು ಕೂಡ ಯಾರಿಗೂ ನೆನಪಿಲ್ಲ. ನಮ್ಮಲ್ಲಿ ಅವಳನ್ನು "ಆ ಹುಡುಗಿ" ಎನ್ನುತ್ತಿದ್ದರು, ಅಷ್ಟೆ.

ನಮ್ಮವರನ್ನು ಹಿಡಿದದ್ದು ವಿಭೂತಿ ಬುಧವಾರದ ಹೊತ್ತಿಗೆ, ಗಂಜಿಗೆ ಕೂರುವ ಮುಂಚೆ ಎಂದು ನಮ್ಮ ಮನೆಯ ನಂಬಿಕೆ. ಆದ್ದರಿಂದ ಪ್ರತಿವರ್ಷ ಆ ಬುಧವಾರ ಇಗರ್ಜಿಯಿಂದ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ಅಜ್ಜಿ, ಬಾಳೆಲೆಯಲ್ಲಿ ಕುಚ್ಚಲಕ್ಕಿ ಅನ್ನ ಬಡಿಸಿ ಅಂಗಳದ ಮೂಲೆಯಲ್ಲಿಡುತ್ತಿದ್ದಳು. ಅದು ಆ ಹುಡುಗಿಯ ಪಾಲು. ಆಮೇಲೆಯೇ ನಮಗೆಲ್ಲ ಗಂಜಿ. ಪಾದ್ರಿಗಳಿಗೆ ಇದು ಗೊತ್ತಿರಲಿಲ್ಲ, ಗೊತ್ತಾಗುವುದೂ ಬೇಡವೆಂದು ಅಜ್ಜಿಯ ಕಟ್ಟಪ್ಪಣೆ.

ಇನ್ನೊಬ್ಬರಿಗೆ ಗೊತ್ತಾಗಬಾರದೆಂದೂ ಕಟ್ಟಪ್ಪಣೆಯಿತ್ತು. ಅದು ನಮ್ಮ ನೆರೆಮನೆಯ ಉಮ್ಮನಿಗೆ.

ಉಮ್ಮ ಎಂದು ನಾನು ಕರೆಯುತ್ತಿದ್ದದ್ದು. ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಭಾಷೆಯಲ್ಲಿ ತಾಯಿ ಎಂದರ್ಥ. ಅಜ್ಜಿಯ ಪ್ರಾಯದವಳೇ. ಮದುವೆಯಾಗಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಆ ಓಣಿಗೆ ಬಂದವರು. ಉಮ್ಮನ ಮಕ್ಕಳಿಗೆ ಪೇಟೆಯಲ್ಲಿ ಅಂಗಡಿ, ಉಮ್ಮನಿಗೆ ಮನೆಯಲ್ಲಿ ಕೋಳಿ ಮತ್ತು ಆಡು. ನಮ್ಮ ಕ್ರಿಸ್ಮಸ್ಸಿನ ತಿಂಡಿ ಕುಸ್ವಾರಿಗೆ ಅವಳದೇ ಮೊಟ್ಟೆ. ಅವಳ ಪಾಲಿನ ಕುಸ್ವಾರನ್ನು ಅಜ್ಜಿ ಹಂದಿ ಸೋಕದ ಬೇರೆಯೇ ಬಾಣಲೆಯಲ್ಲಿ ಕರಿದು ಕಳಿಸುತ್ತಿದ್ದಳು. ಅವಳ ಪೆರ್ನಾಳ್ ಹಬ್ಬಕ್ಕೆ ನಮ್ಮ ಮನೆಗೆ ಅಕ್ಕಿಯ ಪತ್ತಿರಿ ರೊಟ್ಟಿ. ಉಮ್ಮ ಅಜ್ಜಿಯನ್ನು ಬಾಯಮ್ಮ ಎಂದು ಕರೆಯುತ್ತಿದ್ದಳು. ಇಬ್ಬರೂ ತುಳುವಿನಲ್ಲಿ ಮಾತಾಡುತ್ತಿದ್ದರು, ತುಳುವಿನಲ್ಲಿಯೇ ಜಗಳವಾಡುತ್ತಿದ್ದರು. ಜಗಳ ಯಾವಾಗಲೂ ಆಡುಗಳದ್ದು. ಆ ಆಡುಗಳು ದಿನಕ್ಕೊಮ್ಮೆ ನಮ್ಮ ಅಂಗಳಕ್ಕೆ ನುಗ್ಗಿ ಬಸಳೆ ಚಪ್ಪರಕ್ಕೆ ಬಾಯಿ ಹಾಕದಿದ್ದರೆ ಅವಕ್ಕೆ ತಿಂದದ್ದು ಕರಗುತ್ತಿರಲಿಲ್ಲ. ಆದರೆ ವಿಭೂತಿ ಬುಧವಾರ ಒಂದು ದಿನ ಮಾತ್ರ ಒಂದು ಆಡೂ ಇತ್ತ ತಲೆ ಹಾಕುತ್ತಿರಲಿಲ್ಲ. ಎಲೆಯ ಅನ್ನ ಕಾಗೆಗಳಿಗೇ ಸಲ್ಲುತ್ತಿತ್ತು. "ನೋಡು, ಅದಕ್ಕೂ ಗೊತ್ತುಂಟು. ಆ ಹುಡುಗಿಯ ಅನ್ನವನ್ನು ಮೂಕಪ್ರಾಣಿ ಕೂಡ ಮುಟ್ಟುವುದಿಲ್ಲ" ಎಂದು ಅಜ್ಜಿ ಪ್ರತಿವರ್ಷ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು. ಸಣ್ಣವಳಿದ್ದಾಗ ನನಗೆ ಅದು ಕೇಳಿ ಮೈಯೆಲ್ಲ ಮುಳ್ಳೇಳುತ್ತಿತ್ತು.

ಉಮ್ಮ ಅಂಗಳಕ್ಕೆ ಬಂದರೆ ಮಾತ್ರ ಆ ಕತೆ ಅಲ್ಲಿಗೇ ನಿಲ್ಲಬೇಕಿತ್ತು. "ಅವಳ ಎದುರು ಎತ್ತಬೇಡಿ. ಅವಳಿಗೆ ಬೇಸರವಾಗುತ್ತದೆ. ಅವಳೆಂತ ಮಾಡಿದ್ದು ಪಾಪ?" ಎನ್ನುತ್ತಿದ್ದಳು ಅಜ್ಜಿ.

ನಾನು ಉಡುಪಿಯಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿ ಊರಿನ ಶಾಲೆಗೆ ಸೇರಿದಾಗ ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ಪಾಠಪುಸ್ತಕಗಳು ಬದಲಾಗಿದ್ದವು. ಹೊಸ ಪುಸ್ತಕದಲ್ಲಿ ಆ ಕೋಟೆಯ ಚಿತ್ರವೂ ಇತ್ತು. ನಾನು ಅದನ್ನು ಮನೆಗೆ ತಂದು ಅಜ್ಜಿಗೆ ತೋರಿಸಿ, ನಾವೀಗ ಮೈಸೂರಿನವರು ಎಂದೆ. ಆಕೆ ಹೌಹಾರಿದಳು.

"ನಾವೆಲ್ಲಿಗೂ ಹೋಗಲಿಲ್ಲವಲ್ಲ. ಕೂತಲ್ಲಿಯೇ ಮತ್ತೆ ಆ ಊರಿನವರ ಕೈಗೆ ಕೊಟ್ಟರಾ ನಮ್ಮನ್ನು? ಯಾರಲ್ಲಿ ಕೇಳಿ ಕೊಟ್ಟದ್ದು?"

ಸಮಾಧಾನ ಮಾಡಲು ನನಗೂ ಅಪ್ಪನಿಗೂ ಸಾಕುಬೇಕಾಯಿತು.

ಆ ವರ್ಷದ ದಸರಾ ರಜೆಗೆ ನಮ್ಮ ಹೆಡ್ಮಾಸ್ತರರು ಹುರುಪಿನಿಂದ ಒಂದು ಬಸ್ಸು ಗೊತ್ತು ಮಾಡಿದರು. ಮಣಿಪಾಲದ ಕಾಲೇಜಿನಲ್ಲಿ ಅವರ ಅಳಿಯನಿಗೆ ಕೆಲಸ. ಆ ಕಡೆಯವರು ನಾಲ್ಕು ಜನ, ನಮ್ಮ ಶಾಲೆಯ ಮಾಸ್ತರರೂ ಟೀಚರುಗಳೂ ಮನೆಯವರೊಂದಿಗೆ. "ರಾಜ್ಯ ಸೇರಿದ ಮೇಲೆ ಮಹಾರಾಜರ ಊರು ನೋಡದಿದ್ದರೆ ಹೇಗೆ? ಕಾರ್ಕಳದ ಮೇಲೆ ಹೋಗಿ ಚಾರ್ಮಾಡಿ ಘಟ್ಟ ಹತ್ತುವುದು. ಬೇಲೂರು, ಶ್ರೀರಂಗಪಟ್ಟಣ, ಮೈಸೂರು" ಎಂದು ಬೆರಳು ಮಡಿಸಿ ಹೇಳಿದರು. ನನಗೆ ಹೋಗುವ ಆಸೆ ಜೋರಾಗಿತ್ತು. ಮಕ್ಕಳಿಗೆ ಚಿತ್ರ ತೋರಿಸಿ ಪಾಠ ಮಾಡುವವಳು ಒಮ್ಮೆಯಾದರೂ ಕಣ್ಣಿನಿಂದ ನೋಡಬೇಡವೇ?

ಅಜ್ಜಿ ಮೈಸೂರಿಗೆ ಒಪ್ಪಿದಳು, ಕೋಟೆಗೆ ಒಪ್ಪಲಿಲ್ಲ. "ಬಸ್ಸು ಅಲ್ಲಿ ನಿಂತರೆ ನೀನು ಇಳಿಯಬೇಡ. ಪರದೆ ಎಳೆದು ಕೂತುಕೋ. ನೋಡಲಿಕ್ಕೆ ಎಂತ ಉಂಟು ಅಲ್ಲಿ? ನಮ್ಮವರು ಒಮ್ಮೆ ನೋಡಿದ್ದು ಸಾಕು."

"ಎಲ್ಲರೂ ಇಳಿದಾಗ ನಾನೊಬ್ಬಳೇ ಕೂತರೆ ಕೇಳುವುದಿಲ್ಲವಾ?"

"ತಲೆನೋವು ಅಂತ ಹೇಳು. ಆ ಊರಿನಲ್ಲಿ ತಲೆನೋವು ಬಂದರೆ ಅದು ಸುಳ್ಳಲ್ಲ."

ಎರಡು ದಿನ ಇದೇ ರಾದ್ಧಾಂತ. ಅಜ್ಜಿಯ ಗಂಟಲು ಸಣ್ಣದಲ್ಲ. ಓಣಿಗೆಲ್ಲ ಕೇಳಿರಬೇಕು. ಮೂರನೆಯ ದಿನ ಮಧ್ಯಾಹ್ನ ಉಮ್ಮ ನಮ್ಮ ಜಗಲಿಗೆ ಬಂದಳು. ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಅಜ್ಜಿಯ ಎದುರು ಕೂತು, ಸೆರಗಿನಿಂದ ಒಂದು ಪೊಟ್ಟಣ ತೆಗೆದಳು. ಪೇಪರಿನಲ್ಲಿ ಕಟ್ಟಿದ ಸಕ್ಕರೆ, ಜೊತೆಗೆ ಊದುಬತ್ತಿಯ ಕಟ್ಟು.

"ಬಾಯಮ್ಮ, ನಿಮ್ಮ ಮನೆಯವರು ಶ್ರೀರಂಗಪಟ್ಟಣಕ್ಕೆ ಹೋಗ್ತಾರಂತೆ ಅಲ್ವಾ? ಅಲ್ಲಿ ಸುಲ್ತಾನರ ಮಖಾಂ ಉಂಟು. ನನ್ನದೊಂದು ಹರಕೆ ಉಂಟು ಅಲ್ಲಿಗೆ, ಭಾರೀ ವರ್ಷದ್ದು. ನನಗೆ ಹೋಗ್ಲಿಕ್ಕೆ ಕೂಡುವುದಿಲ್ಲ. ಇದನ್ನು ನೀವು ಮುಟ್ಟಿಸಬೇಕು."

ಹೇಳಿ ಪೊಟ್ಟಣವನ್ನು ಅಜ್ಜಿಯ ಕೈಯಲ್ಲಿಟ್ಟಳು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ನಮ್ಮ ಮನೆಯಲ್ಲಿ ಹೆಸರು ಕೂಡ ಹೇಳದ ಊರು, ಆ ಊರಿನ ಗೋರಿಗೆ ನಮ್ಮ ಅಜ್ಜಿಯ ಕೈಯಲ್ಲಿ ಸಕ್ಕರೆ! ಅಜ್ಜಿ ಈಗ ಎದ್ದು ಕಿರುಚುತ್ತಾಳೆ, ಇಷ್ಟು ವರ್ಷದ ನೆರೆಕರೆ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಅಜ್ಜಿ ಕಿರುಚಲಿಲ್ಲ. ಪೊಟ್ಟಣವನ್ನು ನೋಡಿದಳು, ಉಮ್ಮನ ಮುಖ ನೋಡಿದಳು. "ಆಯಿತು" ಎಂದಳು. ಮುಖ ಮಾತ್ರ ಬೂದಿಯಾಗಿತ್ತು.

ಬೇಡ ಎನ್ನಲು ಆಕೆಗೆ ದಾರಿಯಿರಲಿಲ್ಲ. ನಮ್ಮ ಕಡೆಯ ಪದ್ಧತಿ ಅದು. ಕಾರ್ಕಳದ ಹತ್ತಿರ ಅತ್ತೂರಿನ ಇಗರ್ಜಿಗೆ ಹೊರಟರೆ ಓಣಿಯ ಹಿಂದೂಗಳು, ಬ್ಯಾರಿಗಳು ಮೇಣದ ಬತ್ತಿ ಕೊಟ್ಟು ಕಳಿಸುತ್ತಿದ್ದರು. ಉಡುಪಿಯ ಮಠಕ್ಕೆ ಯಾರೋ ಹೊರಟರೆ ನಮ್ಮವರೂ ಎಣ್ಣೆ ಕಳಿಸುತ್ತಿದ್ದರು. ಕೈಗೆ ಕೊಟ್ಟ ಹರಕೆಯನ್ನು ಬೇಡ ಅನ್ನಬಾರದು, ಯಾತಕ್ಕೆಂದು ಕೇಳಬಾರದು, ಕೊಂಡುಹೋದವರು ಇನ್ನೊಬ್ಬರಿಗೆ ದಾಟಿಸಬಾರದು. ಇದನ್ನು ನಮಗೆಲ್ಲ ಬೈದು ಬೈದು ಕಲಿಸಿದವಳು ಅಜ್ಜಿಯೇ. ಕಲಿಸಲು ಕಾರಣವೂ ಇತ್ತು. ಅಪ್ಪ ಮಗುವಾಗಿದ್ದಾಗ ವಿಷಮಶೀತ ಜ್ವರ ಬಂದು ಇವತ್ತೋ ನಾಳೆಯೋ ಎನ್ನುವಂತಾಗಿತ್ತಂತೆ. ಅಜ್ಜಿ ಮಗುವನ್ನು ಬಿಟ್ಟು ಏಳುವಂತಿಲ್ಲ. ಆಗ ಅಜ್ಜಿಯ ಮೇಣದ ಬತ್ತಿಯನ್ನು ಅತ್ತೂರಿಗೆ ಒಯ್ದವಳು ಉಮ್ಮ. ಗಾಡಿಯಲ್ಲಿ ಸ್ವಲ್ಪ, ನಡೆದು ಸ್ವಲ್ಪ. ಮುಸುಕು ಹಾಕಿಕೊಂಡು ಇಗರ್ಜಿಯಲ್ಲಿ ಜನರ ಮಧ್ಯೆ ನಿಂತು ಹಚ್ಚಿ ಬಂದಿದ್ದಳು. ಅಪ್ಪ ಬದುಕಿದ.

ಉಮ್ಮ ಹೋದ ಮೇಲೆ ಅಪ್ಪ ಮೆಲ್ಲಗೆ, "ಇವಳು ಹೇಗೂ ಹೋಗ್ತಾಳಲ್ಲ, ಇವಳೇ ಮುಟ್ಟಿಸಲಿ ಬಿಡು" ಎಂದ.

"ಕೊಟ್ಟದ್ದು ಯಾರ ಕೈಗೆ?" ಎಂದಳು ಅಜ್ಜಿ. "ನನ್ನ ಕೈಗೆ. ನಾನೇ ಹೋಗಬೇಕು."

ಮಂಡಿನೋವಿಗೆ ಮಣಿಪಾಲದ ಆಸ್ಪತ್ರೆಗೆ ಹೋಗಬೇಕಾದರೂ ಹತ್ತು ಸಲ ಹೇಳಿಸಿಕೊಳ್ಳುವ ಮುದುಕಿ ಘಟ್ಟ ಹತ್ತುವ ಮಾತಾಡಿದ್ದಳು. ಮರುದಿನ ಪೂಜೆಯ ನಂತರ ಪಾದ್ರಿಗಳನ್ನು ಕೇಳಲು ಹೋದಾಗ ನನ್ನನ್ನೂ ಕರೆದುಕೊಂಡು ಹೋದಳು. ಪಾದ್ರಿಗಳು ಕೇಳಿ ಕನ್ನಡಕ ತೆಗೆದು ಒರೆಸಿದರು. "ಅಂಥ ಹರಕೆ ನಮಗೆ ಸಲ್ಲುವಂಥದ್ದಲ್ಲ, ಬಾಯಮ್ಮ" ಎಂದರು.

"ಹರಕೆ ನನ್ನದಲ್ಲ ಫಾದರ್, ಅವಳದ್ದು" ಎಂದಳು ಅಜ್ಜಿ. "ನಾನು ಬರೀ ಬಸ್ಸು."

ಪಾದ್ರಿಗಳು ಕನ್ನಡಕವನ್ನು ಮತ್ತೆ ಮೂಗಿಗೇರಿಸಿದರು.

ಹೊರಡುವ ದಿನದವರೆಗೆ ಅಜ್ಜಿ ಸರಿಯಾಗಿ ಉಣ್ಣಲಿಲ್ಲ. ಒಮ್ಮೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ನನಗೆ ಹೆದರಿಕೆಯಾಗ್ತದೆ ಮಗಾ" ಎಂದಳು. ನನ್ನ ಅಜ್ಜಿ ಹೆದರಿಕೆ ಎಂಬ ಶಬ್ದವನ್ನು ತನ್ನ ಬಗ್ಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸೀದಾ ನಿಂತ ಗೋಡೆ ಬಿರುಕು ಬಿಟ್ಟದ್ದನ್ನು ನೋಡಿದ ಹಾಗಾಯಿತು. ಬೇಡ, ಬಿಡು, ಉಮ್ಮನಿಗೆ ನಾನೇ ಹೇಳುತ್ತೇನೆ ಎಂದರೆ, "ಹೇಳಿದರೆ ಕಾರಣ ಹೇಳಬೇಕಾಗ್ತದೆ. ಅದು ಅವಳಿಗೆ ಗೊತ್ತಾಗಬಾರದು" ಎಂದು ಕೈ ಕೊಡವಿದಳು.

ಬೆಳಗಿನ ತಂಪಿನಲ್ಲಿ ಬಸ್ಸು ಹೊರಟಿತು. ಕಾರ್ಕಳದಲ್ಲಿ ಚಾ ಕುಡಿದು, ಅತ್ತೂರಿನಲ್ಲಿ ಇಳಿದು ಮೇಣದ ಬತ್ತಿ ಹಚ್ಚಿದೆವು. ಅಲ್ಲಿಯವರೆಗೆ ಅಜ್ಜಿ ಚೆನ್ನಾಗಿದ್ದಳು. ಚಾರ್ಮಾಡಿ ಘಟ್ಟ ಹತ್ತತೊಡಗಿದ ಮೇಲೆ ಕಿಟಕಿಗೆ ಮುಖವಿಟ್ಟು ಕೂತವಳು ಅಲುಗಲಿಲ್ಲ. ಹಿಂದಿನ ಸೀಟಿನವರು ಹಾಡು ಹೇಳುತ್ತಿದ್ದರು, ಒಬ್ಬಿಬ್ಬರು ವಾಂತಿ ಮಾಡುತ್ತಿದ್ದರು. ಒಂದು ತಿರುವಿನಲ್ಲಿ ಕೆಳಗೆ ಕಾಡು ಪಾತಾಳದಂತೆ ಕಂಡಾಗ ಅಜ್ಜಿ, "ಸೊಂಟದಲ್ಲಿ ಮಗುವನ್ನು ಹೊತ್ತುಕೊಂಡು ಹತ್ತಿದ್ದಂತೆ. ಹೊಟ್ಟೆಗೆ ಎಂತ ತಿಂದಳೋ" ಎಂದಳು. ಯಾವ ಘಟ್ಟದಿಂದ ಹತ್ತಿಸಿದರೋ ನನಗೇನು ಗೊತ್ತು, ಆಕೆಗೇನು ಗೊತ್ತು? ಆದರೂ ನನಗೆ ಅಳು ಬಂತು. ಅಜ್ಜಿಯ ಮಡಿಲಲ್ಲಿ ಎರಡು ಕಟ್ಟುಗಳಿದ್ದವು. ಒಂದು ಉಮ್ಮನ ಸಕ್ಕರೆ. ಇನ್ನೊಂದು ಬಾಳೆಲೆಯ ಕಟ್ಟು. ಏನದು ಎಂದು ಕೇಳಿದರೆ ಹೇಳಲಿಲ್ಲ.

ಮರುದಿನ ಮಧ್ಯಾಹ್ನದ ಸುಡುಬಿಸಿಲಿಗೆ ಕೋಟೆಯ ಹತ್ತಿರ ಇಳಿದೆವು. ಅಜ್ಜಿ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಸಂಜೆಯವರೆಗೂ ಇತ್ತು. ಹೆಡ್ಮಾಸ್ತರರು ಮುಂದೆ ನಿಂತು ಗೋಡೆ, ಕಂದಕ, ನದಿ, ಯಾರು ಕಟ್ಟಿದ್ದು, ಎಲ್ಲಿ ಒಡೆದದ್ದು ಎಂದು ವಿವರಿಸುತ್ತಿದ್ದರು. ನಾವು ನೋಡಿದ್ದು ಅರ್ಧ ಕುಸಿದ ಕಲ್ಲಿನ ಗೋಡೆ. ಅದರ ಬಿರುಕಿನಲ್ಲಿ ಆಲದ ಸಸಿಗಳು. ಗೋಡೆಯ ಮೇಲೆ ಯಾರದೋ ಸೀರೆ ಒಣಗುತ್ತಿತ್ತು. ಕಂದಕದಲ್ಲಿ ಮಕ್ಕಳು ಗೋಲಿ ಆಡುತ್ತಿದ್ದರು. ಹುಣಿಸೆ ಮರದ ಕೆಳಗೆ ಒಬ್ಬಾಕೆ ಸೌತೆಕಾಯಿ ಹೆಚ್ಚಿ ಉಪ್ಪು ಖಾರ ಹಾಕಿ ಮಾರುತ್ತಿದ್ದಳು.

ಅಜ್ಜಿ ನಿಂತುಬಿಟ್ಟಳು. ಸುತ್ತ ನೋಡಿದಳು. "ಕೋಟೆ ಎಲ್ಲಿ?" ಎಂದಳು.

"ಇದೇ ಅಜ್ಜಿ."

"ಇದಾ? ಇಷ್ಟೇಯಾ?" ಆಕೆಯ ಧ್ವನಿ ಏರಿತು. ಹೆಡ್ಮಾಸ್ತರರು ಮಾತು ನಿಲ್ಲಿಸಿ ತಿರುಗಿದರು. "ಇದಕ್ಕಾ ನಾವು ಇಷ್ಟು ತಲೆಮಾರು ಹೆದರಿದ್ದು? ನನ್ನ ಅತ್ತೆ ಇದರ ಹೆಸರು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಇದರ ಬುಡದಲ್ಲಿ ಮಕ್ಕಳು ಆಡ್ತಾ ಉಂಟಲ್ಲ ಮಾರಾಯ್ತಿ!"

ಆಕೆ ಮೋಸ ಹೋದವಳಂತೆ ನೋಡುತ್ತಿದ್ದಳು. ಕಣ್ಣಿಗೆ ಕಾಣುವಷ್ಟು ದೊಡ್ಡ ವೈರಿಯೊಬ್ಬನನ್ನು ಎದುರಿಸಲು ಬಂದವಳಿಗೆ ಬಟ್ಟೆ ಒಣಗಿಸುವ ಗೋಡೆ ಸಿಕ್ಕಿತ್ತು.

ಉಳಿದವರು ಮುಂದೆ ಹೋದ ಮೇಲೆ ಆಕೆ ಗೋಡೆಯ ಬುಡದಲ್ಲಿ ಕಷ್ಟಪಟ್ಟು ಕೂತು ಬಾಳೆಲೆಯ ಕಟ್ಟನ್ನು ಬಿಚ್ಚಿದಳು. ಅನ್ನ. ಮನೆಯಿಂದ ಕಟ್ಟಿಕೊಂಡು ಬಂದ ಕುಚ್ಚಲಕ್ಕಿ ಅನ್ನ, ಆಗಲೇ ಹಳಸಿದ ವಾಸನೆ. ಅಂಗಳದ ಮೂಲೆಯಲ್ಲಿ ಇಡುತ್ತಿದ್ದ ಹಾಗೆಯೇ ಎಲೆ ಹಾಸಿ ಇಟ್ಟಳು. "ತಗೋ ಮಗಳೇ. ತಡವಾಯಿತು" ಎಂದಳು. ಕಣ್ಣು ಮುಚ್ಚಿ ಕೈ ಮುಗಿದಳು. ಆಕೆ ಕಣ್ಣು ತೆರೆಯುವ ಮುಂಚೆ ಎಲ್ಲಿಂದಲೋ ಒಂದು ಆಡು ಬಂದು ಎಲೆಗೆ ಬಾಯಿ ಹಾಕಿತು. ಎಲೆಯನ್ನೂ ಸೇರಿಸಿ ತಿನ್ನತೊಡಗಿತು.

ನಾನು ಹೌಹಾರಿ ಕಲ್ಲು ಎತ್ತಿದೆ. ಮೂಕಪ್ರಾಣಿ ಕೂಡ ಮುಟ್ಟದ ಅನ್ನ! ಅಜ್ಜಿಯೂ ಬೆಚ್ಚಿಬಿದ್ದು ಕೈ ಎತ್ತಿದವಳು, ಹಾಗೆಯೇ ಇಳಿಸಿದಳು. "ಬಿಡು" ಎಂದಳು. "ಇಲ್ಲಿಯ ಆಡಿಗೆ ಗೊತ್ತಿಲ್ಲ." ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಸೌತೆಕಾಯಿಯ ಹೆಂಗಸು ಓಡಿ ಬಂದು, "ಯಾಕಮ್ಮಾ, ಬಿಸಿಲು ಬಡೀತಾ?" ಎಂದು ನೀರು ಕೊಟ್ಟಳು. ಅಜ್ಜಿ ಆ ಊರಿನ ನೀರನ್ನು ಗಟಗಟ ಕುಡಿದಳು.

ಗೋರಿ ಇರುವುದು ಕೋಟೆಯಿಂದ ಆಚೆ, ಒಂದು ತೋಟದ ನಡುವೆ. ಅಲ್ಲಿಗೆ ಹೋಗುವಾಗ ನಾನು, "ಪೊಟ್ಟಣ ಬಾಗಿಲಲ್ಲಿ ಇಟ್ಟು ಬರೋಣ, ಸಾಕು" ಎಂದೆ. ಅಜ್ಜಿ ಕೇಳಲಿಲ್ಲ. ಚಪ್ಪಲಿ ಕಳಚಿ, ತಲೆಯ ಮೇಲೆ ಸೆರಗು ಹೊದ್ದು ಒಳಗೆ ಹೋದಳು. ಹೆಡ್ಮಾಸ್ತರರ ಹೆಂಡತಿ ನನ್ನ ಕಿವಿಯಲ್ಲಿ, "ನಿಮ್ಮ ಅಜ್ಜಿಗೆ ಎಂತ ಆಯಿತು?" ಎಂದರು. ನನಗೆ ಗೊತ್ತಿದ್ದರೆ ತಾನೇ ಹೇಳುವುದು?

ಅಲ್ಲಿದ್ದ ಮುದುಕರು ಪೊಟ್ಟಣ ತೆಗೆದುಕೊಂಡು, "ಯಾವೂರಮ್ಮಾ ನಿಮ್ದು? ಯಾರ ಹರಕೆ, ನಿಮ್ಮೋರದಾ?" ಎಂದು ಕೇಳಿದರು.

"ನಮ್ಮವಳದ್ದೇ" ಎಂದಳು ಅಜ್ಜಿ.

ಅವರು ಊದುಬತ್ತಿ ಹಚ್ಚಲು ಆಚೆ ತಿರುಗಿದಾಗ ಅಜ್ಜಿ ಗೋರಿಯ ಕಡೆ ನೋಡಿ ಕೊಂಕಣಿಯಲ್ಲಿ ಮಾತಾಡಿದಳು. ನೆರೆಮನೆಯವರ ಜೊತೆ ಬೇಲಿಯ ಜಗಳ ಮಾಡುವ ಅದೇ ಧ್ವನಿ, ಸ್ವಲ್ಪ ತಗ್ಗಿಸಿ. "ಕೇಳು. ನಿನ್ನಲ್ಲಿ ಬೇಡಲಿಕ್ಕೆ ನನಗೆ ಎಂತದೂ ಇಲ್ಲ. ಹೇಳಲಿಕ್ಕೆ ಉಂಟು, ಬೇಕಾದಷ್ಟು ಉಂಟು. ಆದರೆ ಇನ್ನೊಬ್ಬರ ಕೆಲಸಕ್ಕೆ ಬಂದವಳು ತನ್ನ ಜಗಳ ತೆಗೆಯಬಾರದು. ಈ ಸಕ್ಕರೆ ನನ್ನ ನೆರೆಯವಳದ್ದು. ಒಳ್ಳೆಯವಳು. ನನ್ನ ಮಗ ಬದುಕಿದ್ದು ಅವಳ ಕಾಲಿನಿಂದ. ಅವಳು ಕೇಳಿದ್ದು ಎಂತ ಉಂಟೋ ನನಗೆ ಗೊತ್ತಿಲ್ಲ. ಅದು ಆಗಬೇಕು. ಅಷ್ಟೆ."

ಆ ಗೋರಿಯ ಮುಂದೆ ಯಾರಾದರೂ ಅಷ್ಟು ಜೋರು ಮಾಡಿ ಇನ್ನೊಬ್ಬರಿಗಾಗಿ ಕೇಳಿದ್ದುಂಟೋ ಇಲ್ಲವೋ! ಮುದುಕರು ಸ್ವಲ್ಪ ಸಕ್ಕರೆಯನ್ನು ಮರಳಿ ಕಟ್ಟಿ ಕೊಟ್ಟರು, ಹರಕೆಯವಳಿಗೆ ಮುಟ್ಟಿಸಲು. ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಮೈಸೂರಿನ ಅರಮನೆ, ಆನೆ, ದೀಪ ಯಾವುದನ್ನೂ ಆಕೆ ಸರಿಯಾಗಿ ನೋಡಲಿಲ್ಲ. ಗಂಟು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವುದೇ ಕೆಲಸ.

ನಾವು ಊರಿಗೆ ಮುಟ್ಟಿದಾಗ ಉಮ್ಮ ಓಣಿಯ ಬಾಯಲ್ಲೇ ನಿಂತಿದ್ದಳು. ಬಸ್ಸಿನಿಂದ ಇಳಿದ ಅಜ್ಜಿಯನ್ನು ಕಂಡವಳೇ ಎರಡೂ ಕೈಯಿಂದ ಆಕೆಯ ಮುಖ ಹಿಡಿದುಕೊಂಡು ಹಾಗೇ ನಿಂತಳು. ಸಕ್ಕರೆಯ ಬಗ್ಗೆ ಕೇಳಲೇ ಇಲ್ಲ. ಅಜ್ಜಿಯೇ ಗಂಟು ಬಿಚ್ಚಿ, "ತಗೋ, ಮುಟ್ಟಿಸಿದೆ" ಎಂದಾಗ, "ಹಾಂ, ಸಕ್ಕರೆ" ಎಂದು ಆಗ ನೆನಪಾದವಳಂತೆ ತೆಗೆದುಕೊಂಡಳು. ನಮ್ಮ ಜಗಲಿಯಲ್ಲಿಯೇ ಅಮ್ಮ ಚಾ ತಂದಾಗ ಉಮ್ಮ ಆ ಸಕ್ಕರೆಯನ್ನು ತನ್ನ ಲೋಟಕ್ಕೆ ಹಾಕಿಕೊಂಡು ಅಜ್ಜಿಯ ಮುಖ ನೋಡಿದಳು. ಅಜ್ಜಿ ತನ್ನ ಲೋಟವನ್ನೂ ಮುಂದೆ ಹಿಡಿದಳು. ನಾನೂ ಅಮ್ಮನೂ ಪರಸ್ಪರ ಮುಖ ನೋಡಿಕೊಂಡೆವು.

"ಕೋಟೆ ಹೇಗುಂಟು ಬಾಯಮ್ಮ? ನೋಡುವಂಥದ್ದಾ?"

"ಹಾಳು ಬಿದ್ದಿದೆ" ಎಂದಳು ಅಜ್ಜಿ. "ಆಡು ಮೇಯ್ತಾ ಉಂಟು." ಚಾ ಹೀರಿ, "ಇನ್ನು ಸ್ವಲ್ಪ ಹಾಕು" ಎಂದಳು.

ಅದಾದ ಮೇಲೆ ಅಜ್ಜಿ ನಮ್ಮ ಮನೆಯಲ್ಲಿ ಶ್ರೀರಂಗಪಟ್ಟಣ ಎಂದು ಹೆಸರು ಹಿಡಿದೇ ಹೇಳತೊಡಗಿದಳು. ಮರುವರ್ಷದ ಮಳೆಗಾಲದಲ್ಲಿ ಮಲಗಿದವಳು ಏಳಲಿಲ್ಲ. ಉಮ್ಮ ಹೆಣದ ಹತ್ತಿರ ಕೂತು ಅತ್ತದ್ದನ್ನು ನೋಡಿ ಊರಿಂದ ಬಂದ ನೆಂಟರೂ ಅತ್ತರು.

ಮುಂದಿನ ವಿಭೂತಿ ಬುಧವಾರ ಅಂಗಳದಲ್ಲಿ ಅನ್ನ ಇಡುವುದು ನನ್ನ ಪಾಲಿಗೆ ಬಂತು. ಇಗರ್ಜಿಯಿಂದ ಬಂದು ಎಲೆ ಹಾಸಿ ಬಡಿಸಿ, ಎದ್ದು ತಿರುಗುವಷ್ಟರಲ್ಲಿ ಬೇಲಿ ಹಾರಿ ಒಂದು ಆಡು ನುಗ್ಗಿತು. ಸೀದಾ ಅನ್ನಕ್ಕೇ ಬಾಯಿ. ಅಜ್ಜಿ ಇದ್ದಷ್ಟು ದಿನ ನಡೆಯದ್ದು ಆಕೆ ಹೋದ ಮೊದಲ ವರ್ಷವೇ ನಡೆದಿತ್ತು! ಅಷ್ಟರಲ್ಲಿ ಕೈಯಲ್ಲಿ ಹಗ್ಗ ಹಿಡಿದು, ಮುಸುಕು ಜಾರಿದ್ದೂ ತಿಳಿಯದೆ ಉಮ್ಮ ಓಡಿ ಬಂದಳು. ಆಡಿನ ಬೆನ್ನಿಗೆ ಎರಡು ಬಿಟ್ಟಳು.

"ಕಟ್ಟಿಹಾಕು, ಇವತ್ತೊಂದು ದಿನ ಕಟ್ಟಿಹಾಕು ಅಂತ ಸೊಸೆಗೆ ಸಾವಿರ ಸಲ ಹೇಳಿದ್ದೆ. ಈಗಿನವರಿಗೆ ನೆನಪು ಎಲ್ಲುಂಟು?" ಎಂದು ಏದುಸಿರು ಬಿಡುತ್ತ, ಚೆಲ್ಲಿದ ಅನ್ನವನ್ನು ಬಗ್ಗಿ ಬೆರಳಿನಿಂದ ಎಲೆಗೆ ಸೇರಿಸತೊಡಗಿದಳು.

"ಉಮ್ಮ, ಇವತ್ತು ಯಾಕೆ ಕಟ್ಟುವುದು? ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲದೆ ಎಂತ? ನಾನು ಮದುವೆಯಾಗಿ ಬಂದ ವರ್ಷವೇ ನನ್ನ ಅತ್ತೆ ಹೇಳಿದ್ದು. ಆ ಮನೆಯವರು ಬೂದಿ ಹಚ್ಚುವ ದಿನ ಆಡು ಬಿಡಬೇಡ, ಅದು ಸುಲ್ತಾನನ ಜನ ಕೊಂಡುಹೋದ ಹುಡುಗಿಯ ಅನ್ನ ಅಂತ. ಅವರಿಗೆ ಅವರ ಅತ್ತೆ ಹೇಳಿದ್ದಂತೆ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ನಾವು ಉಮ್ಮನ ಎದುರು ಬಾಯಿ ಹೊಲಿದುಕೊಂಡ ಆ ಎಲ್ಲ ವರ್ಷ! ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡ ಆ ಪವಾಡ!

"ಎಲ್ಲ ಗೊತ್ತಿದ್ದೂ ಅಜ್ಜಿಯ ಕೈಯಲ್ಲಿ ಅಲ್ಲಿಗೆ ಹರಕೆ ಕೊಟ್ಟಿರಾ?" ಎಂದೆ. ನನ್ನ ಧ್ವನಿಯಲ್ಲಿ ಸಿಟ್ಟಿತ್ತು. "ಅಜ್ಜಿ ಎಷ್ಟು ಹೆದರಿದ್ದಳು ಗೊತ್ತುಂಟಾ? ಅಂಥದ್ದು ಎಂತ ಹರಕೆ ನಿಮ್ಮದು?"

ಕೇಳಬಾರದಿತ್ತು. ಹರಕೆ ಯಾತಕ್ಕೆಂದು ಕೇಳಬಾರದು. ಆದರೆ ಉಮ್ಮ ಬೇಸರಿಸಲಿಲ್ಲ. ಅನ್ನದ ಎಲೆಯನ್ನು ಸರಿಯಾಗಿ ಮೂಲೆಗೆ ಇಟ್ಟು, ಸೊಂಟ ಹಿಡಿದುಕೊಂಡು ಎದ್ದು, ಆಡಿನ ಕುತ್ತಿಗೆಗೆ ಹಗ್ಗ ಬಿಗಿದಳು.

"ಬಾಯಮ್ಮ ಆ ಊರಿಗೊಮ್ಮೆ ಹೋಗಿ ತಿರುಗಿ ಬರಬೇಕು ಅಂತ" ಎಂದಳು. "ನಿಮ್ಮ ಮನೆಯಿಂದ ಹೋದ ಹೆಣ್ಣು ಒಬ್ಬಳಾದರೂ ತಿರುಗಿ ಬರಬೇಕಲ್ಲ ಮಗಾ."